ಕಳ್ಳ ಬಾಟಲಿ ಬರುವ ಹೊತ್ತು

ಕಾರ್ಖಾನೆಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಎಲ್ಲರಿಗೂ ಅವಳು ಹದ್ದಕ್ಕ. ‘ಹದ್ದಿನ ಕಣ್ಣಿನ ಅಕ್ಕ’ ಎಂದು ದಿನಕ್ಕೆ ಹತ್ತು ಸಲ ಹೇಳುವಷ್ಟು ಪುರಸೊತ್ತು ಯಾರಿಗಿದೆ? ಸವೆದು ಸವೆದು ಹದ್ದಕ್ಕ ಆಗಿತ್ತು.

ಅವಳ ಕೆಲಸ ನೋಡುವುದು. ಕುಲುಮೆಯಲ್ಲಿ ಹುಟ್ಟಿ, ತಣ್ಣಗಾಗಿ, ಬೆಲ್ಟಿನ ಮೇಲೆ ಸಾಲುಗಟ್ಟಿ ಬರುವ ಗಾಜಿನ ಬಾಟಲಿಗಳು ಒಂದು ಬೆಳ್ಳನೆಯ ಬೆಳಕಿನ ಪರದೆಯ ಮುಂದೆ ಹಾದುಹೋಗುತ್ತವೆ. ಎದುರಿಗೆ ಸ್ಟೂಲಿನ ಮೇಲೆ ಕೂತವಳು ಬಿರುಕೋ ಚಕ್ಕೆ ಎದ್ದ ಅಂಚೋ ಕಂಡರೆ ಬಾಟಲಿಯನ್ನೆತ್ತಿ ಪಕ್ಕದ ಕೆಂಪು ತೊಟ್ಟಿಗೆ ಹಾಕಬೇಕು. ಯಂತ್ರದ ಕಣ್ಣೊಂದು ಮೊದಲೇ ಸೋಸಿ ಕಳಿಸಿರುತ್ತದೆ. ಅದರ ಕಣ್ಣು ತಪ್ಪಿಸಿ ಬಂದದ್ದಕ್ಕೆ ಈ ಹೆಂಗಸರ ಕಣ್ಣು. ಇಪ್ಪತ್ತು ನಿಮಿಷ ನೋಡುವುದು, ಹತ್ತು ನಿಮಿಷ ಎದ್ದು ರಟ್ಟಿನ ಪೆಟ್ಟಿಗೆ ಮಡಿಸುವುದು, ಮತ್ತೆ ನೋಡುವುದು. ಅದಕ್ಕಿಂತ ಹೆಚ್ಚು ಹೊತ್ತು ಕೂರಿಸಿದರೆ ಕಣ್ಣು ತೆರೆದೇ ಇರುತ್ತದೆ, ಒಳಗಿನವರು ಎದ್ದು ಹೋಗಿರುತ್ತಾರೆ ಎನ್ನುವುದು ಹಳಬರ ಮಾತು.

ಬಾಟಲಿಗಳು ಅಂಗೈಯಷ್ಟಿದ್ದವು, ಅಗಲ ಬಾಯಿಯವು. ಹಲ್ಲು ಬಾರದ ಮಕ್ಕಳಿಗೆ ತಿನ್ನಿಸುವ ಮೆತ್ತನೆಯ ಊಟವನ್ನು ಬೇರೊಂದು ಕಾರ್ಖಾನೆಯವರು ಅದರಲ್ಲಿ ತುಂಬಿ ಮಾರುತ್ತಿದ್ದರು.

ಒಳಗಿನವರು ಕೂತಿದ್ದಾರೋ ಎದ್ದು ಹೋಗಿದ್ದಾರೋ ಎಂದು ತಿಳಿಯಲು ಸೂಪರ್‌ವೈಸರ್ ಬಳಿ ಒಂದು ಉಪಾಯವಿತ್ತು. ಬಿರುಕು ಬಿಟ್ಟ ಕೆಲವು ಬಾಟಲಿಗಳನ್ನು ಅವನು ತನ್ನ ಮೇಜಿನ ಖಾನೆಯಲ್ಲಿ ಬೀಗ ಹಾಕಿ ಇಟ್ಟುಕೊಂಡಿದ್ದ. ಪಾಳಿಗೆ ಮೂರು ಸಲ, ಯಾರಿಗೂ ಹೇಳದೆ, ಒಂದೊಂದನ್ನು ಬೆಲ್ಟಿನ ತುದಿಯಲ್ಲಿ ಸಾಲಿಗೆ ಸೇರಿಸಿಬಿಡುತ್ತಿದ್ದ. ಹೆಂಗಸರು ಅದಕ್ಕಿಟ್ಟ ಹೆಸರು ಕಳ್ಳ ಬಾಟಲಿ. ಹಿಡಿದರೆ ಹೆಸರು, ಬಿಟ್ಟರೆ ಬೈಗುಳ. ಹದ್ದಕ್ಕ ಎರಡು ವರ್ಷದಿಂದ ಒಬ್ಬ ಕಳ್ಳನನ್ನೂ ಬಿಟ್ಟವಳಲ್ಲ.

ಗುಟ್ಟು ಏನೆಂದರೆ, ಸೂಪರ್‌ವೈಸರನ ಬೂಟು ಕಿರ್ ಕಿರ್ ಎನ್ನುತ್ತಿತ್ತು. ಜತೆಗೆ ಅವನಷ್ಟು ಶಿಸ್ತಿನ ಮನುಷ್ಯ ಊರಿಗೊಬ್ಬ. ಮೂರೂ ಹತ್ತು, ಐದೂ ನಲವತ್ತು, ಎಂಟೂ ಇಪ್ಪತ್ತು. ಗಡಿಯಾರ ಬೇಕಾದರೆ ತಪ್ಪೀತು, ಅವನು ತಪ್ಪ. ಕಿರ್ ಕಿರ್ ಹತ್ತಿರ ಬಂದು, ನಿಂತು, ದೂರವಾಯಿತೆಂದರೆ ಹೆಂಗಸರೆಲ್ಲ ಸ್ಟೂಲಿನ ಮೇಲೆ ನೆಟ್ಟಗಾಗುತ್ತಿದ್ದರು.

“ಬಂತು ಕಣ್ರೇ, ಕಣ್ಣಿಗೆ ಎಣ್ಣೆ ಬಿಟ್ಕೊಳ್ಳಿ,” ಎನ್ನುತ್ತಿದ್ದಳು ಪಕ್ಕದ ಸ್ಟೂಲಿನವಳು. ಬಾಯಿ ಮುಚ್ಚಿದ್ದನ್ನು ಯಾರೂ ಕಂಡಿರದ ಕಾರಣ ಅವಳಿಗೆ ರೇಡಿಯೋ ಎಂದೇ ಹೆಸರು.

ಆ ವರ್ಷ ಆಗಮನ ಕಾಲದ ಮೊದಲ ಭಾನುವಾರ ಹದ್ದಕ್ಕ ಅತ್ತೆ ಮತ್ತು ಮಗಳ ನಡುವೆ ಚರ್ಚಿನ ಬೆಂಚಿನಲ್ಲಿ ಕೂತು ತೂಕಡಿಸುತ್ತಿದ್ದಳು. ಗಂಡ ದೂರದ ಊರುಗಳಿಗೆ ಬಸ್ಸು ಓಡಿಸುವವನು. ವಾರಕ್ಕೆ ಎರಡು ದಿನ ಮನೆಯಲ್ಲಿದ್ದರೆ ಹೆಚ್ಚು. ಫಾದರ್ ಪ್ರಸಂಗ ಮಾಡುತ್ತಿದ್ದರು: ಒಡೆಯ ಬಂದೇ ಬರುತ್ತಾನೆ, ಆದರೆ ಯಾವ ಗಳಿಗೆ ಎಂದು ಯಾರಿಗೂ ತಿಳಿಯದು, ಕಳ್ಳ ಬರುವ ಹೊತ್ತು ಗೊತ್ತಿದ್ದರೆ ಯಾವ ಮನೆಯವನು ತಾನೇ ಮಲಗಿರುತ್ತಿದ್ದ? ಕ್ರಿಸ್ಮಸ್ಸಿಗೆ ಮುಂಚಿನ ಈ ನಾಲ್ಕು ವಾರ ಎಚ್ಚರವಾಗಿರುವುದನ್ನು ಕಲಿಯುವ ವಾರಗಳು.

‘ಕಳ್ಳ’ ಎಂದದ್ದು ಕಿವಿಗೆ ಬಿದ್ದು ಅವಳಿಗೆ ಅರ್ಧ ಎಚ್ಚರವಾಯಿತು. ‘ನನಗೆ ಗೊತ್ತು ಫಾದರ್, ಮೂರೂ ಹತ್ತಕ್ಕೆ ಬರ್ತಾನೆ’ ಎಂದುಕೊಂಡು ಒಳಗೊಳಗೇ ನಕ್ಕಳು. ಅತ್ತೆ ಮೊಣಕೈಯಿಂದ ತಿವಿದರು.

“ಎಚ್ಚರವಾಗಿರಿ ಅಂತಿದ್ದಾರೆ, ನೀನು ಗೊರಕೆ ಹೊಡೀತಿದ್ದೀಯ.”

“ಗೊರಕೆ ಅಲ್ಲ ಅತ್ತೆ, ಉಸಿರು.”

“ಉಸಿರಿಗೆ ಅಷ್ಟು ರಾಗ ಇರಲ್ಲ ತಾಯಿ.”

ನಗುವುದಕ್ಕೆ ಅವಳಿಗೆ ಇನ್ನೊಂದು ಕಾರಣವೂ ಇತ್ತು. ಹೊಸದಾಗಿ ಸೇರುವವರಿಗೆ ನೋಡುವುದನ್ನು ಕಲಿಸಲು ಕಾರ್ಖಾನೆಯಲ್ಲಿ ಒಬ್ಬರನ್ನು ನೇಮಿಸುತ್ತಾರೆಂದು ಸುದ್ದಿಯಾಗಿತ್ತು. ಬೆಳಗ್ಗೆ ಒಂಬತ್ತರಿಂದ ಸಂಜೆ ಐದರವರೆಗಿನ ಕೆಲಸ. ಈಗಿನದು ಮಧ್ಯಾಹ್ನ ಎರಡರಿಂದ ರಾತ್ರಿ ಹತ್ತು. ಅವಳು ಮನೆ ಮುಟ್ಟುವ ಹೊತ್ತಿಗೆ ಏಳು ವರ್ಷದ ಮಗಳು ಅಜ್ಜಿಯ ಪಕ್ಕ ಮುದ್ದೆಯಾಗಿ ಮಲಗಿರುತ್ತಿದ್ದಳು. ಬೆಳಗ್ಗೆ ಸಿಗುವುದು ಒಂದು ಗಂಟೆ, ಅದೂ ‘ಏಳು, ಹಲ್ಲುಜ್ಜು, ಸಾಕ್ಸ್ ಎಲ್ಲಿ’ ಎನ್ನುವುದರಲ್ಲೇ ಮುಗಿಯುತ್ತಿತ್ತು. ಮಗಳ ಸಂಜೆಗಳು ಹೇಗಿರುತ್ತವೆಂದು ಹೆತ್ತ ತಾಯಿಗೇ ಗೊತ್ತಿರಲಿಲ್ಲ. ಆ ಹುದ್ದೆ ಸಿಕ್ಕರೆ ಸಂಜೆಗಳೂ ಸಿಕ್ಕಂತೆ. ಮ್ಯಾನೇಜರು ಮೂರನೆಯ ವಾರದ ಸೋಮವಾರ ಮಾತಿಗೆ ಕರೆದಿದ್ದರು. “ಬರೀ ಶಾಸ್ತ್ರಕ್ಕೆ ಕರೀತಿದ್ದಾರೆ, ನಿಮಗೇ ಸಿಗೋದು,” ಎಂದು ಸೂಪರ್‌ವೈಸರ್ ಬಾಯಿಬಿಟ್ಟೇ ಹೇಳಿದ್ದ. “ನಿಮ್ಮಷ್ಟು ಚೊಕ್ಕ ರಿಜಿಸ್ಟರು ಯಾರದಿದೆ?”

ಎರಡನೆಯ ವಾರ ಸೂಪರ್‌ವೈಸರನ ದವಡೆ ಹಲ್ಲು ಕೈಕೊಟ್ಟಿತು. ಬುಧವಾರದಿಂದ ಶುಕ್ರವಾರದವರೆಗೆ ರಜೆ. ಕಳ್ಳ ಬಾಟಲಿಗಳಿದ್ದ ಖಾನೆಯ ಬೀಗದ ಕೈ ಅವನ ಜೇಬಿನಲ್ಲೇ ಹೋಯಿತು.

“ಮೂರು ದಿನ ಕಳ್ಳರ ಕಾಟ ಇಲ್ಲ,” ಎಂದು ರೇಡಿಯೋ ಪ್ರಸಾರ ಮಾಡಿದಳು. “ಬೆಕ್ಕಿಗೆ ಹಲ್ಲುನೋವು, ಇಲಿಗಳಿಗೆ ಹಬ್ಬ.”

ಶುಕ್ರವಾರ ಐದೂವರೆಯ ಟೀ ಹೊತ್ತಿನಲ್ಲಿ ಹದ್ದಕ್ಕ ಲೋಟ ಹಿಡಿದು ಏಳುವಾಗ ಕಾಲು ತನ್ನ ಕೆಂಪು ತೊಟ್ಟಿಗೆ ತಗುಲಿತು. ತೊಟ್ಟಿ ಖಾಲಿ ಡಬ್ಬದಂತೆ ಡಣ್ಣೆಂದು ಉರುಳಿತು. ಬಗ್ಗಿ ನೋಡಿದಳು. ಒಳಗೆ ಏನೂ ಇರಲಿಲ್ಲ.

“ಮೂರು ದಿನದಲ್ಲಿ ನೀನೆಷ್ಟು ಹಿಡಿದೆ?” ಎಂದು ರೇಡಿಯೋವನ್ನು ಕೇಳಿದಳು.

“ಏನನ್ನ? ಅವರು ಇಟ್ಟರೆ ತಾನೇ ಹಿಡಿಯೋದು!”

ರೇಡಿಯೋ ನಕ್ಕಳು. ಹದ್ದಕ್ಕ ಟೀ ಲೋಟ ಕೆಳಗಿಟ್ಟಳು. ಹೋಗಿ ರಿಜಿಸ್ಟರು ತೆರೆದಳು. ಅದರಲ್ಲಿ ಎರಡು ಸಾಲು: ‘ಇಟ್ಟದ್ದು’, ‘ಸಿಕ್ಕಿದ್ದು’. ತನ್ನ ಪುಟಗಳಲ್ಲಿ ಮಂಗಳವಾರ ಇಟ್ಟದ್ದು ಮೂರು, ಸಿಕ್ಕಿದ್ದು ಮೂರು. ಅದರ ಹಿಂದಿನ ದಿನವೂ ಮೂರಕ್ಕೆ ಮೂರು. ಹಿಂದಿನ ತಿಂಗಳೂ. ಇನ್ನೂ ಹಿಂದಕ್ಕೆ, ಕೆಲಸಕ್ಕೆ ಸೇರಿದ ಮೊದಲ ವರ್ಷದ ಪುಟಗಳಿಗೆ ಹೋದಳು. ಇಟ್ಟದ್ದು ಮೂರು, ಸಿಕ್ಕಿದ್ದು ಒಂಬತ್ತು. ಇಟ್ಟದ್ದು ಮೂರು, ಸಿಕ್ಕಿದ್ದು ಏಳು. ಆಗ ಅವಳಿಗೆ ಹೆಸರೂ ಇರಲಿಲ್ಲ, ಕೊಂಬೂ ಇರಲಿಲ್ಲ. ಬೂಟಿನ ಸದ್ದಿನ ಅರ್ಥವೂ ತಿಳಿದಿರಲಿಲ್ಲ. ಅದಕ್ಕೇ ಎಲ್ಲವನ್ನೂ ನೋಡುತ್ತಿದ್ದಳು. ಸಿಕ್ಕಿದ್ದು ಇಟ್ಟದ್ದಕ್ಕಿಂತ ಕಡಿಮೆಯಾದರೆ ಮಾತ್ರ ಸೂಪರ್‌ವೈಸರ್ ಹುಬ್ಬೇರಿಸುತ್ತಿದ್ದ. ಎರಡೂ ಸರಿಸಮ ಇದ್ದರೆ ಶಭಾಶ್. ಸರಿಸಮ ಇರುವುದೇ ರೋಗ ಎಂದು ಅವನಿಗೂ ಹೊಳೆದಿರಲಿಲ್ಲ, ಅವಳಿಗೂ.

ಎರಡು ವರ್ಷದಲ್ಲಿ ಅವಳು ಹಿಡಿದದ್ದೆಲ್ಲ ಹಿಡಿಯಲಿ ಎಂದು ಇಟ್ಟದ್ದೇ. ತಾವಾಗಿಯೇ ಬಂದವು ಅವಳ ಮೂಗಿನ ಕೆಳಗೇ ಹಾದು, ಯಾವುದೋ ಊರಿನ ಯಾವುದೋ ಮಗುವಿನ ಚಮಚದತ್ತ ಹೋಗಿದ್ದವು.

‘ಇರಲಿಕ್ಕಿಲ್ಲ. ಈಗ ಯಂತ್ರದ ಕಣ್ಣೇ ಚೆನ್ನಾಗಿದೆ’ ಎಂದು ಸಮಾಧಾನ ಮಾಡಿಕೊಂಡು ಸ್ಟೂಲಿಗೆ ಮರಳಿದಳು. ಮೊದಲ ವರ್ಷದಲ್ಲಿ ನೋಡುತ್ತಿದ್ದಂತೆ ನೋಡತೊಡಗಿದಳು. ಹನ್ನೊಂದನೆಯ ನಿಮಿಷಕ್ಕೆ ಬಾಯಂಚಿನಲ್ಲಿ ಉಗುರಿನ ತುದಿಯಷ್ಟು ಚಕ್ಕೆ ಎದ್ದಿದ್ದ ಒಂದು ಬಾಟಲಿ ತಣ್ಣಗೆ ಎದುರು ಬಂದು ನಿಂತಂತಾಯಿತು. ಅದನ್ನು ಇಟ್ಟವರು ಯಾರೂ ಇರಲಿಲ್ಲ.

ಅವಳು ಅದನ್ನೆತ್ತಿ ಕೆಂಪು ತೊಟ್ಟಿಗೆ ಹಾಕಿದಳು. ಆ ಮೂರು ದಿನದ ಬಾಟಲಿಗಳು ಪ್ಯಾಲೆಟ್ಟೆನ್ನುವ ಮರದ ಹಲಗೆಗಳ ಮೇಲೆ ಪ್ಲಾಸ್ಟಿಕ್ ಸುತ್ತಿಕೊಂಡು ಗೋದಾಮಿನಲ್ಲಿದ್ದವು. ಸೋಮವಾರ ಬೆಳಗ್ಗೆ ಲಾರಿ. ಅದೇ ಸೋಮವಾರ ಮ್ಯಾನೇಜರ ಮಾತುಕತೆ. ಬಾಯಿಗೆ ಬೀಗ ಹಾಕಿಕೊಂಡರೆ ಸಾಕಿತ್ತು. ರಿಜಿಸ್ಟರೇ ಅವಳ ಪರ ಸಾಕ್ಷಿ ಹೇಳುತ್ತಿತ್ತು. ಬಾಯಿಬಿಟ್ಟರೆ ಮಗಳ ಸಂಜೆಗಳನ್ನು ಕೈಯಾರೆ ಎತ್ತಿ ಆಚೆ ಎಸೆದಂತೆ.

ಶನಿವಾರ ಅವರ ಸಾಲಿಗೆ ರಜೆ, ಅಚ್ಚು ಬದಲಿಸುವ ದಿನ. ಬೆಳಗ್ಗೆ ಚರ್ಚಿನಲ್ಲಿ ಕ್ರಿಸ್ಮಸ್ಸಿನ ಮುಂಚಿನ ಪಾಪನಿವೇದನೆ ಇತ್ತು. ಅವಳು ಹೋಗಿ, ಮೊಣಕಾಲೂರಿ, ಜಾಲರಿಯ ಆಚೆ ಕೂತಿದ್ದ ಫಾದರ್‌ಗೆ ಬೂಟಿನ ಕಿರ್ ಕಿರ್‌ನಿಂದ ಹಿಡಿದು ಖಾಲಿ ತೊಟ್ಟಿಯವರೆಗೆ ಒಂದೂ ಬಿಡದೆ ಒಪ್ಪಿಸಿದಳು. ಹೇಳುತ್ತ ಹೇಳುತ್ತ ಎದೆ ಹಗುರಾಯಿತು. ‘ಇಷ್ಟು ಸಾಕು, ದೇವರಿಗೆ ಹೇಳಿಯಾಯಿತು’ ಅನಿಸಿತು. ಪ್ರಾಯಶ್ಚಿತ್ತಕ್ಕೆ ಯಾವ ಜಪ ಕೊಡುತ್ತಾರೋ ಎಂದು ಕಾದಳು.

ಫಾದರ್ ಕೆಮ್ಮಿದರು.

“ಲಾರಿ ಯಾವಾಗ ಹೊರಡುತ್ತಮ್ಮ?”

ಅವಳಿಗೆ ಗಲಿಬಿಲಿಯಾಯಿತು. “ಸೋಮವಾರ, ಬೆಳಗ್ಗೆ ಆರಕ್ಕೆ ಫಾದರ್.”

“ಇವತ್ತು ಶನಿವಾರ.”

“ಹೌದು ಫಾದರ್.”

“ಹಾಗಾದ್ರೆ ಇಲ್ಲೇನು ಮಾಡ್ತಿದ್ದೀರಿ?”

ಅವಳು ಜಾಲರಿಯತ್ತ ತಲೆಯೆತ್ತಿದಳು.

“ದೇವರ ಕ್ಷಮೆ ಇದ್ದೇ ಇದೆ, ಕೊಡ್ತೀನಿ, ಅದಕ್ಕೆ ನಾನಿದ್ದೀನಿ,” ಎಂದರು ಫಾದರ್. “ಆದ್ರೆ ನೀವು ನನಗೆ ಹೇಳಿದ್ದು ಆ ಬಾಟಲಿಗೆ ಕೇಳಿಸಲ್ಲ. ಎಚ್ಚರವಾಗಿರಿ ಅಂತ ನಾನೇ ಹೇಳಿದ್ದು. ನಿಮಗೆ ಎಚ್ಚರ ಆಗಿದೆ. ಎಚ್ಚರ ಆದ್ಮೇಲೂ ಹಾಸಿಗೆ ಮೇಲೇ ಕೂತಿದ್ರೆ ಹೇಗಮ್ಮ?”

ಚರ್ಚಿನ ಮೆಟ್ಟಿಲ ಮೇಲೆ ನಿಂತೇ ಅವಳು ಸೂಪರ್‌ವೈಸರಿಗೆ ಫೋನು ಮಾಡಿದಳು. ಬಾಯಿತುಂಬ ಹತ್ತಿ ತುಂಬಿಕೊಂಡವನಂತೆ ಅವನು “ಹಲೋ” ಎಂದ. ಅವಳು ಉಸಿರು ಬಿಡದೆ ಹೇಳಿ ಮುಗಿಸಿದಳು.

“ನಾನು ಬಾಟಲಿ ಇಡೋ ಹೊತ್ತು ನಿಮಗೆ ಗೊತ್ತಿತ್ತಾ?”

“ಗೊತ್ತಿತ್ತು ಸರ್.”

“ಬರೀ ನಿಮಗೋ, ಎಲ್ಲರಿಗೂ ಗೊತ್ತೋ?”

ಅವಳು ಅಳುಕಿದಳು. ಬೇರೆಯವರನ್ನು ಯಾಕೆ ಎಳೆಯಬೇಕು? “ನನ್ನ ಮಾತು ನಾನು ಹೇಳ್ತೀನಿ ಸರ್. ನಿಮ್ಮ ಬೂಟು ಸದ್ದು ಮಾಡುತ್ತೆ.”

“ಬೂಟು!” ಎಂದು ನೋವಿನಲ್ಲೂ ಅವನು ಕಿರುಚಿದ. “ನನ್ನ ಬೂಟಿನ ಮೇಲೆ ಹಾಕ್ತೀರಾ? ಸೋಮವಾರ ಏನಿದೆ ಅಂತ ನೆನಪಿದೆಯೇನ್ರೀ ನಿಮಗೆ? ನಾನೇ ನಿಮ್ಮ ಹೆಸರು ಹೇಳಿದ್ದು. ಈಗ ನನ್ನ ಮುಖ ಎಲ್ಲಿಡ್ಲಿ?”

“ನೆನಪಿದೆ ಸರ್. ನೆನಪಿದ್ದೇ ಹೇಳ್ತಿದ್ದೀನಿ.”

ಫೋನು ಕಟ್ಟಾಯಿತು. ಅರ್ಧ ಗಂಟೆಯ ಮೇಲೆ ಅವನೇ ಮಾಡಿದ. “ನಾಳೆ ಏಳು ಗಂಟೆಗೆ ಬನ್ನಿ. ಎಲ್ಲರಿಗೂ ಹೇಳಿದ್ದೀನಿ. ಹದಿನಾರು ಪ್ಯಾಲೆಟ್ ಇದೆ, ಅಷ್ಟನ್ನೂ ಬಿಚ್ಚಬೇಕು.” ಫೋನಿಡುವ ಮುನ್ನ, “ನನ್ನ ಮನೆಯಲ್ಲೂ ಆರು ತಿಂಗಳ ಮೊಮ್ಮಗು ಇದೆ ಕಣ್ರೀ,” ಎಂದ.

ಭಾನುವಾರ ಬೆಳಗ್ಗೆ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದ ಅವಳನ್ನು ಅತ್ತೆ ತಡೆದರು. “ಆಗಮನದ ಮೂರನೇ ಭಾನುವಾರ, ಪೂಜೆ ತಪ್ಪಿಸ್ತೀಯಾ?”

“ಫಾದರೇ ಕಳಿಸಿದ್ದು ಅತ್ತೆ.”

“ಅವರು ಕಳಿಸಿದ್ದು ಪೂಜೆ ತಪ್ಪಿಸೋಕಾ? ಸರಿ, ನಿನ್ನ ಪಾಲಿನದನ್ನೂ ನಾನೇ ಪ್ರಾರ್ಥಿಸ್ತೀನಿ. ಗೊರಕೆ ಹೊಡೆಯೋರು ಪಕ್ಕದಲ್ಲಿಲ್ಲದಿದ್ರೆ ಮನಸ್ಸೂ ನಿಲ್ಲುತ್ತೆ.” ಹಾಗೆಂದವರೇ ಊಟದ ಡಬ್ಬಿಯನ್ನು ಅವಳ ಕೈಗೆ ತುರುಕಿದರು.

ಕಾರ್ಖಾನೆಯಲ್ಲಿ ಆರು ಜನ ಹೆಂಗಸರು, ಊದಿದ ಕೆನ್ನೆಯ ಸೂಪರ್‌ವೈಸರ್, ಮೂರು ಬೆಲ್ಟು. ಯಾರ ಮುಖದಲ್ಲೂ ನಗುವಿರಲಿಲ್ಲ.

“ನಿನ್ನ ಪುಣ್ಯಕ್ಕೆ ನಮ್ಮ ಭಾನುವಾರ ಬಲಿ,” ಎಂದಳು ರೇಡಿಯೋ. “ಸುಮ್ನಿದ್ರೆ ಆಗ್ತಿರ್ಲಿಲ್ವಾ ಹದ್ದಕ್ಕ? ಹಿಂದಿನ ಎರಡು ವರ್ಷದ್ದು ಹೋಗಿಲ್ವಾ? ಅದನ್ನೇನು ವಾಪಸ್ ತರಿಸ್ತೀಯಾ?”

“ಹೋದದ್ದಕ್ಕೆ ನನ್ನ ಹತ್ರ ಉತ್ತರ ಇಲ್ಲ ಕಣೇ. ಇದಿನ್ನೂ ಹೋಗಿಲ್ಲ.”

ರೇಡಿಯೋ ಮುಖ ತಿರುಗಿಸಿ ಕೂತಳು. ಶುಕ್ರವಾರ ಹದ್ದಕ್ಕ ಹಿಡಿದ ಒಂದನ್ನು ಬಿಟ್ಟರೆ ಆ ಮೂರು ದಿನ ಯಾರ ಕೆಂಪು ತೊಟ್ಟಿಯಲ್ಲೂ ಏನೂ ಬಿದ್ದಿರಲಿಲ್ಲ ಎಂಬುದು ಈಗ ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದದ್ದಕ್ಕೇ ಸಿಟ್ಟು ಹೆಚ್ಚಾಗಿತ್ತು.

ಬೆಲ್ಟು ನಿಧಾನವಾಗಿ ಓಡತೊಡಗಿತು. ಮೊದಲ ಗಂಟೆ ಹದ್ದಕ್ಕನಿಗೆ ನರಕ. ಮನಸ್ಸು ಹಳೆಯ ಚಾಳಿಯಂತೆ ಕಿರ್ ಕಿರ್‌ಗಾಗಿ ಕಿವಿ ನಿಗುರಿಸಿಕೊಂಡು ಕೂತಿತ್ತು. ಇಂದು ಹೊತ್ತು ಗೊತ್ತಿಲ್ಲ. ಬರುತ್ತದೋ ಇಲ್ಲವೋ ಅದೂ ಗೊತ್ತಿಲ್ಲ. ಇನ್ನು ಉಳಿದದ್ದು ಒಂದೇ ದಾರಿ: ಎದುರು ಬಂದ ಪ್ರತಿಯೊಂದನ್ನೂ ‘ಇದೇ ಇರಬಹುದು’ ಎಂದು ನೋಡುವುದು. ಇದೇ ಇರಬಹುದು. ಅಲ್ಲ. ಇದೇ ಇರಬಹುದು. ಅಲ್ಲ.

ಎರಡನೆಯ ಗಂಟೆಯಲ್ಲಿ ಏನೋ ಸಡಿಲವಾಯಿತು. ವರ್ಷಗಟ್ಟಲೆ ಒಂದೇ ಬಿಳಿ ಗೆರೆಯಂತೆ ಹರಿಯುತ್ತಿದ್ದ ಸಾಲು ಬಿಡಿ ಬಿಡಿ ಬಾಟಲಿಗಳಾಯಿತು. ಒಂದೊಂದೂ ಬೆಳಕಿಗೆ ಬಂದು, ಅರೆಕ್ಷಣ ತುಂಬಿ ಹೊಳೆದು, ಮುಂದಿನದಕ್ಕೆ ಜಾಗ ಬಿಡುತ್ತಿತ್ತು. ಪ್ರತಿಯೊಂದರ ಹಿಂದೆ ಒಂದು ತೊಟ್ಟಿಲೋ ಮಡಿಲೋ ಇದೆ ಅನಿಸಿತು. ಕುತ್ತಿಗೆ ನೋಯುತ್ತಿತ್ತು, ಆದರೆ ಬೇಸರವಿರಲಿಲ್ಲ. ಯಾರನ್ನೋ ಎದುರುಗೊಳ್ಳಲು ಬಾಗಿಲಲ್ಲಿ ನಿಂತವರಿಗೆ ಕಾಲುನೋವು ತಿಳಿಯದ ಹಾಗೆ. ಫಾದರ್ ಅಂದ ಎಚ್ಚರ ಎಂದರೆ ಹೆದರಿಕೆಯಿರಬೇಕು ಎಂದುಕೊಂಡಿದ್ದಳು. ಇಲ್ಲಿ ನೋಡಿದರೆ ಹೆದರಿಕೆಯ ಸುಳಿವೇ ಇರಲಿಲ್ಲ.

ಹನ್ನೊಂದು ದಾಟಿತ್ತು. ಒಂದು ಬಾಟಲಿ ಹಾದುಹೋಯಿತು. ಹೋದಮೇಲೆ ಅವಳ ಕೈ ತಾನಾಗಿ ಮುಂದಕ್ಕೆ ಚಾಚಿ ಅದನ್ನು ಹಿಂದಕ್ಕೆ ತಂದಿತು. ಹೊರಗಿನಿಂದ ಲಕ್ಷಣವಾಗಿತ್ತು. ಬೆಳಕಿನೆದುರು ನಿಧಾನವಾಗಿ ತಿರುಗಿಸಿದಳು. ಒಳಗೆ, ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ, ಜೇಡನ ಎಳೆಯಷ್ಟು ತೆಳ್ಳಗೆ ಗಾಜಿನ ನೂಲೊಂದು ಜೋತುಬಿದ್ದಿತ್ತು.

“ಜೋಕಾಲಿ!” ಎಂದಳು.

ಬೆಲ್ಟುಗಳು ನಿಂತವು. ಎಲ್ಲರೂ ಎದ್ದು ಬಂದರು. ಗಾಜಿನ ಕೆಲಸದವರು ಅತಿ ಹೆಚ್ಚು ಹೆದರುವ ದೋಷ ಅದು. ಊಟ ತುಂಬಿದ ಕೂಡಲೇ ಆ ಎಳೆ ಮುರಿಯುತ್ತದೆ, ಸೂಜಿಗಳಾಗುತ್ತದೆ, ಮೆತ್ತನೆಯ ಅನ್ನದಲ್ಲಿ ಕಣ್ಣಿಗೆ ಕಾಣದೆ ಬೆರೆಯುತ್ತದೆ. ಹತ್ತು ವರ್ಷ ಕೆಲಸ ಮಾಡಿದವರೂ ಒಂದೋ ಎರಡೋ ಕಂಡಿದ್ದರೆ ಹೆಚ್ಚು.

ಸೂಪರ್‌ವೈಸರ್ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ರೇಡಿಯೋ ಬಾಯಿ ಮುಚ್ಚಿದ್ದಳು, ಮತ್ತು ಅದನ್ನು ಎಲ್ಲರೂ ಗಮನಿಸಿದರು. ಅವಳು ತನ್ನ ಸ್ಟೂಲಿಗೆ ಹೋಗಿ ಕಣ್ಣೊರೆಸಿಕೊಂಡು, “ಹಾಕಿ ಬೆಲ್ಟು, ಯಾಕೆ ನಿಂತಿದ್ದೀರಿ?” ಎಂದು ಗದರಿದಳು.

ಸಂಜೆ ಐದಕ್ಕೆ ಕೊನೆಯ ಪ್ಯಾಲೆಟ್ ಮುಗಿಯಿತು. ಒಂದು ಜೋಕಾಲಿ, ಹದಿಮೂರು ಚಕ್ಕೆ ಎದ್ದ ಅಂಚು, ಎರಡು ಬಿರುಕು. ಅವುಗಳಲ್ಲಿ ಏಳನ್ನು ಹಿಡಿದವಳು ರೇಡಿಯೋ.

ಸೋಮವಾರ ಲಾರಿ ಹೊತ್ತಿಗೆ ಸರಿಯಾಗಿ ಹೊರಟಿತು. ಹನ್ನೊಂದಕ್ಕೆ ಮ್ಯಾನೇಜರ ಕೋಣೆಯಲ್ಲಿ ಹದ್ದಕ್ಕ ಕುರ್ಚಿಯ ತುದಿಯಲ್ಲಿ ಕೂತಳು. ಮ್ಯಾನೇಜರು ಸುತ್ತು ಬಳಸಲಿಲ್ಲ. “ನೋಡಿ, ಎರಡು ವರ್ಷ ಸರಿಯಾಗಿ ನೋಡಿಲ್ಲ ಅಂತ ನೀವೇ ಹೇಳಿದ ಮೇಲೆ, ನೋಡೋದನ್ನ ಕಲಿಸೋ ಕೆಲಸ ನಿಮಗೆ ಕೊಡೋಕಾಗಲ್ಲ. ಈ ವರ್ಷ ಆ ಹುದ್ದೆಯನ್ನ ಯಾರಿಗೂ ಕೊಡ್ತಿಲ್ಲ.”

“ಸರಿ ಸರ್,” ಎಂದಳು. ನಿರೀಕ್ಷಿಸಿದ್ದೇ. ಆದರೂ ಮಗಳ ಮುಖ ಕಣ್ಣೆದುರು ಬಂತು.

ಅವಳು ಏಳುವಷ್ಟರಲ್ಲಿ ಪಕ್ಕದಲ್ಲಿ ನಿಂತಿದ್ದ ಸೂಪರ್‌ವೈಸರ್ ಒಂದು ಹಾಳೆ ಮುಂದಿಟ್ಟ. ಪ್ರತಿ ಪ್ಯಾಲೆಟ್ಟಿನ ಮೇಲೂ ಅದನ್ನು ತುಂಬಿದ ಹೊತ್ತಿನ ಚೀಟಿ ಅಂಟಿಸಿರುತ್ತಾರೆ. ಭಾನುವಾರ ಸಿಕ್ಕ ಹದಿನಾರು ಕೆಟ್ಟ ಬಾಟಲಿಗಳಲ್ಲಿ ಹನ್ನೆರಡು ಸಂಜೆ ಏಳರಿಂದ ಹತ್ತರ ಒಳಗಿನವು ಎಂದು ಅವನು ರಾತ್ರಿ ಕೂತು ಬರೆದು ತಂದಿದ್ದ.

“ಇವರೊಬ್ಬರ ತಪ್ಪಲ್ಲ ಸರ್. ಇಡೀ ವರ್ಷ ಒಂದೇ ಪಾಳಿಯಲ್ಲಿ ಕೂರಿಸಿದ್ರೆ ಯಾರ ಕಣ್ಣಾದ್ರೂ ಸಂಜೆ ಮೇಲೆ ಸೋಲುತ್ತೆ. ಪಾಳಿ ತಿರುಗಿಸೋಣ. ನಾಲ್ಕು ವಾರಕ್ಕೊಮ್ಮೆ ಒಂದು ವಾರ ಬೆಳಗ್ಗೆ, ಎಲ್ಲರಿಗೂ.”

ಮ್ಯಾನೇಜರು ಹಾಳೆಯನ್ನು ಎರಡು ಸಲ ಓದಿದರು. “ಯಾರಿಂದ ಶುರು ಮಾಡ್ತೀರಿ?”

“ಇವರಿಂದಲೇ. ಬರುವ ವಾರ.” ಹೊರಗೆ ಬಂದಮೇಲೆ ಸೂಪರ್‌ವೈಸರ್ ದನಿ ತಗ್ಗಿಸಿದ. “ಇನ್ನು ಆ ಕಳ್ಳ ಬಾಟಲಿ ಯಾವಾಗ ಇಡ್ಲಿ, ನೀವೇ ಹೇಳಿ.”

“ಅದೊಂದನ್ನ ಮಾತ್ರ ನನಗೆ ಹೇಳ್ಬೇಡಿ ಸರ್.”

ನಾಲ್ಕಕ್ಕೆ ಒಂದು ವಾರ. ಬಯಸಿದ್ದರ ಕಾಲುಭಾಗ. ಆದರೆ ಅದು ಕ್ರಿಸ್ಮಸ್ಸಿಗೆ ಮುಂಚಿನ ವಾರ, ಆಗಮನ ಕಾಲದ ಕೊನೆಯದು.

ಆ ವಾರದ ಮೊದಲ ಸಂಜೆ ಅವಳು ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ಅಡುಗೆಮನೆಯ ಮೇಜಿನ ಮೇಲೆ ಪುಸ್ತಕ ಹರಡಿಕೊಂಡು ಕೂತಿದ್ದ ಮಗಳು ತಲೆಯೆತ್ತಿ ನೋಡಿ, ಕೈಯಲ್ಲಿದ್ದ ಪೆನ್ಸಿಲು ಕೆಳಗಿಟ್ಟಳು.

“ಅಮ್ಮ, ಹುಷಾರಿಲ್ವಾ?”

“ಹುಷಾರಾಗಿದ್ದೀನಿ ಪುಟ್ಟಿ.”

“ಮತ್ತೆ ಯಾಕೆ ಬಂದೆ?”

ಒಲೆಯ ಮುಂದಿದ್ದ ಅತ್ತೆ ಸೆರಗು ಬಾಯಿಗೊತ್ತಿ ನಕ್ಕರು. ಹದ್ದಕ್ಕ ಕುರ್ಚಿ ಎಳೆದುಕೊಂಡು ಮಗಳ ಎದುರು ಕೂತಳು. ಮೈಯೆಲ್ಲ ಭಾರ, ರೆಪ್ಪೆಗೆ ಕಲ್ಲು ಕಟ್ಟಿದಂತಿತ್ತು. ಮಗಳು ಸ್ವಲ್ಪ ಹೊತ್ತು ಅನುಮಾನದಿಂದ ನೋಡಿದಳು. ಆಮೇಲೆ ಕುರ್ಚಿಯ ಮೇಲೆ ಮಂಡಿಯೂರಿ ಕೂತು, ಶಾಲೆಯಲ್ಲಿ ಮಧ್ಯಾಹ್ನ ಕೈತೊಳೆಯುವ ಸಾಲಿನಲ್ಲಿ ನಡೆದ ಒಂದು ಮಹಾಯುದ್ಧದ ಕತೆ ಶುರು ಮಾಡಿದಳು. ಯಾರು ಯಾರನ್ನು ತಳ್ಳಿದರು, ಮೊದಲು ತಳ್ಳಿದ್ದು ಯಾರು, ತಳ್ಳದೇ ಬೈಸಿಕೊಂಡವಳು ಯಾರು, ಅವಳ ಸಾಬೂನು ಎಲ್ಲಿ ಬಿತ್ತು. ಕತೆಗೆ ತಲೆಯಿರಲಿಲ್ಲ, ಬುಡವಿರಲಿಲ್ಲ, ಮುಗಿಯುವ ಲಕ್ಷಣವೂ ಇರಲಿಲ್ಲ. ನಡುವೆ ಮಗಳು ಉಸಿರೆಳೆದುಕೊಳ್ಳಲು ನಿಂತಳು. ಅಮ್ಮ ಇನ್ನೂ ಇಲ್ಲೇ ಇದ್ದಾಳೆಯೇ ಎಂದು ಕಣ್ಣಂಚಿನಲ್ಲಿ ನೋಡಿದಳು.

ಹದ್ದಕ್ಕ ಮೇಜಿನ ಮೇಲೆ ಮೊಣಕೈಯೂರಿ ಮುಂದಕ್ಕೆ ಬಾಗಿದಳು.

“ಆಮೇಲೆ?”